ಶೀನನ ಮೈದಾನದ ಪುಸ್ತಕ

ತುಳಸಿ, ನಾನು ಹೇಳಿದ ಹಾಗೇ ಬರೆ. ನಡುವೆ ಎಲ್ಲಿಗಾದರೂ ಹೋದರೆ ತಡೆಯಬೇಡ, ತಿರುಗಿ ಬರುತ್ತೇನೆ. ಇದು ನಮ್ಮ ಶೀನನ ವಿಷಯ. ನಿನಗೆ ಎಂಟು ವರ್ಷವಾದರೂ ಕನ್ನಡದ ಒಂದಕ್ಷರ ಬಾರದಿದ್ದಾಗ, ಹೋಟೆಲಿನ ಹಿಂದಿನ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಅ ಆ ತಿದ್ದಿಸಿದವನು ಅವನೇ. ನಿನ್ನ ಅಮ್ಮನಿಗೆ ಪುರುಸೊತ್ತಿರಲಿಲ್ಲ, ನನಗೆ ತಾಳ್ಮೆ ಇರಲಿಲ್ಲ.

ಶೀನ ಉಡುಪಿ ಕಡೆಯಿಂದ ಇಲ್ಲಿಗೆ, ಈ ಬಂಗಾಲಕ್ಕೆ ಬಂದದ್ದು ಎಪ್ಪತ್ತೆಂಟರಲ್ಲಿ, ಆ ದೊಡ್ಡ ನೆರೆಯ ವರ್ಷ. ಲೇಕ್ ಮಾರ್ಕೆಟ್ ಹತ್ತಿರದ ನಮ್ಮ ಹೋಟೆಲಿನಲ್ಲಿ ಆಗ ಆರೇ ಬೆಂಚು. ಹಿಟ್ಟು ರುಬ್ಬಲು ಅಂತ ನಿನ್ನ ಅಜ್ಜ ಕರೆಸಿದ್ದರು. ಬಂದ ವಾರಕ್ಕೇ ಅಡುಗೆಮನೆಯಲ್ಲಿ ಮೊಣಕಾಲು ಮಟ್ಟ ನೀರು. ಕಪಾಟಿನ ಮೇಲೆ ಕೂತು ಅವನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಮ್ಮ, ಸಮುದ್ರವನ್ನು ಊರಲ್ಲಿ ಬಿಟ್ಟು ಬಂದೆ ಅಂದ್ಕೊಂಡಿದ್ದೆ. ಅದು ರೈಲು ಹತ್ತಿ ಹಿಂದೆಯೇ ಬಂತಲ್ಲ!"

ಹಿಟ್ಟಿನಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಭಾನುವಾರ ಟ್ರಾಮು ಹತ್ತಿ ಮೈದಾನಕ್ಕೆ ಫುಟ್‌ಬಾಲ್ ನೋಡಲು ಹೋದರೆ ಕತ್ತಲಾದ ಮೇಲೆಯೇ ಬರುವುದು. ನಿನ್ನ ಅಜ್ಜ ಒಂದು ದಿನ ರೇಗಿದರು.

"ನಿನಗೆ ಚೆಂಡು ಬೇಕಾ, ಹಿಟ್ಟು ಬೇಕಾ?"

"ಹಿಟ್ಟು ನಾಳೆಯೂ ಹುಳಿ ಬರ್ತದೆ ಧಣಿ. ಆಟ ಇವತ್ತು ಮಾತ್ರ."

ಅಜ್ಜ ನಕ್ಕುಬಿಟ್ಟರು. ಅವರೇ ಗುರುತಿನವರಿಗೆ ಹೇಳಿ ಖಿದಿರ್‌ಪುರದ ಒಂದು ಸಂಜೆ ಕಾಲೇಜಿನ ಮೈದಾನದಲ್ಲಿ ಮಾಲಿ ಕೆಲಸ ಕೊಡಿಸಿದರು. ಹಡಗುಕಟ್ಟೆಯ ಕೂಲಿಗಳ ಮಕ್ಕಳು ಓದುವ ಬಡ ಕಾಲೇಜು ಅದು. ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಗೋಲಿಗೆ ಬಲೆ ಕಟ್ಟುವುದು ಅವನ ಕೆಲಸ. ಊಟ ಮಾತ್ರ ನಮ್ಮಲ್ಲೇ. ಸುಣ್ಣ ಮೆತ್ತಿದ ಕಾಲಲ್ಲಿ ಒಳಗೆ ಬಂದರೆ ನಾನು ಬೈಯುತ್ತಿದ್ದೆ. ಈಗ ಆ ಹೆಜ್ಜೆ ಕಂಡರೆ ಒರೆಸುತ್ತಿರಲಿಲ್ಲ.

ಮಾಲಿಗಳು ದಿನದಿನದ ಲೆಕ್ಕಕ್ಕೆ ಒಂದು ಪುಸ್ತಕ ಇಡಬೇಕು. ಗೆರೆ ಹಾಕಿದ್ದು, ಆಟ ಆದದ್ದು, ಬಲೆ ಹರಿದದ್ದು. ಬೇರೆಯವರು ಗುಮಾಸ್ತರಿಂದ ಬರೆಸುತ್ತಿದ್ದರು. ಶೀನ ಊರಿನ ರಾತ್ರಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ತಾನೇ ಬರೆದ, ಹತ್ತಿರಹತ್ತಿರ ಇಪ್ಪತ್ತು ವರ್ಷ. ಆ ಕಾಲೇಜಿನವರ ಗುರುತಿನಲ್ಲಿ ಅದನ್ನು ಓದಬಲ್ಲವರು ನಮ್ಮ ಮನೆಯವರು ಮಾತ್ರ. ಸೆಕ್ರೆಟರಿ ಘೋಷಾಲ್‌ಬಾಬು ತಿಂಗಳಿಗೊಮ್ಮೆ ಏನು ಎತ್ತ ಎಂದು ನೋಡದೆ ಸಹಿ ಹಾಕುತ್ತಿದ್ದರು.

ಇನ್ನೊಂದು ಹೇಳಬೇಕು. ಬಂಗಾಲಿಗಳ ಹೊಸವರ್ಷದ ದಿನ ಮೈದಾನದಲ್ಲಿ ಗೋಲಿನ ಅಡ್ಡಪಟ್ಟಿಗೆ ಪೂಜೆ ಮಾಡುತ್ತಾರೆ. ಬಾರ್ ಪೂಜೆ. ಹೂವು, ಸಿಂಧೂರ, ಸಂದೇಶ್ ಮಿಠಾಯಿ ಎಲ್ಲ ಉಂಟು. ಶೀನನಿಗೆ ಅದು ಊರಿನ ದೈವಕ್ಕೆ ಸಮ. "ಇದನ್ನು ಮುಟ್ಟಿದ ಕೈಯಲ್ಲಿ ಸುಳ್ಳು ಆಣೆ ಹಾಕಿದರೆ ಆ ಕೈ ಉಳಿಯುವುದಿಲ್ಲ ಅಮ್ಮ" ಅನ್ನುತ್ತಿದ್ದ. ನಾನು ತಮಾಷೆ ಮಾಡುತ್ತಿದ್ದೆ.

ಆ ಕಾಲೇಜಿನ ಪರವಾಗಿ ಆ ಗೋಲಿನಲ್ಲಿ ನಿಲ್ಲುತ್ತಿದ್ದವನು ನನ್ನ ಮಗ, ನಿನ್ನ ರಾಮಕೃಷ್ಣ ಮಾವ. ಈಗ ಕೆಳಗೆ ಗಲ್ಲಾದಲ್ಲಿ ಕೂತು ಯಾರ ಮುಖವನ್ನೂ ನೋಡದೆ ಚಿಲ್ಲರೆ ಕೊಡುತ್ತಾನಲ್ಲ, ಅವನೇ. ಆಗ ಹೇಗೆ ಹಾರುತ್ತಿದ್ದ ಗೊತ್ತಾ! ಬಂದರಿನ ಆಫೀಸಿನಲ್ಲಿ ಆಟಗಾರರ ಕೋಟಾದಲ್ಲಿ ಅವನಿಗೆ ಕೆಲಸ ಹೆಚ್ಚುಕಡಿಮೆ ನಿಕ್ಕಿಯಾಗಿತ್ತು. ಮಾನ್ಯತೆ ಇರುವ ಲೀಗಿನಲ್ಲಿ ಒಂದು ಪೂರ್ತಿ ವರ್ಷ ಆಡಿದ ಸರ್ಟಿಫಿಕೇಟ್ ಬೇಕು, ಅಷ್ಟೆ. ಹಿಂದಿನ ಎರಡು ವರ್ಷ ಮೊಣಕಾಲು ಮುರಿದು ಮಲಗಿದ್ದ. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ, ತೊಂಬತ್ತೆಂಟು.

ಅದೇ ವರ್ಷ ಕಾಲೇಜುಗಳ ಲೀಗು ಒಡೆಯಿತು. ಒಂದು ಟಿವಿ ಕಂಪನಿ ಆರು ದೊಡ್ಡ ಕಾಲೇಜುಗಳನ್ನು ಕರೆದು ಹೇಳಿತಂತೆ, ನೀವು ಬೇರೆ ಲೀಗು ಮಾಡಿಕೊಳ್ಳಿ, ಸಾಲ್ಟ್ ಲೇಕ್‌ನ ದೊಡ್ಡ ಸ್ಟೇಡಿಯಮ್ಮಿನಲ್ಲಿ ದೀಪದ ಬೆಳಕಿನಲ್ಲಿ ಆಡಿ, ತೋರಿಸುವ ಹಕ್ಕು ನಮಗಿರಲಿ, ದುಡ್ಡು ನಿಮಗಿರಲಿ ಅಂತ. ಅವರು ಒಂದು ವಾರದಲ್ಲಿ ಎದ್ದು ಹೋದರು. ನಮ್ಮಂಥ ಸಣ್ಣ ಕಾಲೇಜುಗಳನ್ನು ಯಾರು ಕೇಳುತ್ತಾರೆ? ಆ ವರ್ಷದ್ದು ಒಂದೇ ಆಟ ಬಾಕಿ ಇತ್ತು, ನಮಗೂ ಆ ದೊಡ್ಡವರಲ್ಲಿ ಒಬ್ಬರಿಗೂ.

ಹಳೇ ಲೀಗಿನವರು ಕೋರ್ಟಿಗೆ ಹೋದರು. ಕೊನೆಯ ಆಟವೂ ಆಗಿದೆ, ವರ್ಷ ಮುಗಿದಿದೆ, ಟಿವಿ ದುಡ್ಡಿನಲ್ಲಿ ನಮಗೂ ಪಾಲು ಬರಬೇಕು, ನಮ್ಮ ಸರ್ಟಿಫಿಕೇಟಿಗೂ ಬೆಲೆ ಇರಬೇಕು ಎಂದು. ಆಟ ಆಗಿಯೇ ಇಲ್ಲ, ವರ್ಷ ಮುಗಿಯಲಿಲ್ಲ ಎಂದರು ದೊಡ್ಡವರು. ಎಲ್ಲವೂ ಬಂದು ನಿಂತದ್ದು ಆ ಆಟ ಆಗಬೇಕಿದ್ದ ಒಂದು ಸಂಜೆಯ ಮೇಲೆ, ಶೀನನ ಪುಸ್ತಕದ ಒಂದು ಪುಟದ ಮೇಲೆ.

ಘೋಷಾಲ್‌ಬಾಬು ಪುಸ್ತಕ ಹಿಡಿದು ನಮ್ಮ ಹೋಟೆಲಿಗೆ ಬಂದರು. ಎರಡು ಇಡ್ಲಿ ತಿಂದರು. ಅತ್ತಿಗೆ ಅನ್ನುವ ಹಾಗೆ ನನ್ನನ್ನು ಬೌದಿ ಅನ್ನುತ್ತಿದ್ದರು. "ಬೌದಿ, ಇದನ್ನು ಓದಬಲ್ಲವರು ನೀವೇ. ಇಂಗ್ಲಿಷಿನಲ್ಲಿ ಬರೆದುಕೊಡಿ" ಎಂದರು. ಓದಿದೆ. ಆಟ ಆಗಿಲ್ಲವೆಂದು ಸ್ಪಷ್ಟವಾಗಿ ಬರೆದಿತ್ತು. ಹಾಗೇ ಹೇಳಿದೆ. ಅವರು ಬೆರಳಿನ ಚಟ್ನಿ ನೆಕ್ಕಿ, "ರಾಮಕೃಷ್ಣನ ವಯಸ್ಸು ಈಗ ಎಷ್ಟು?" ಎಂದು ಕೇಳಿದರು.

ತುಳಸಿ, ನಿಲ್ಲಿಸಬೇಡ. ನಾನು ಬರೆದುಕೊಟ್ಟೆ. ಆಟ ಆಯಿತು, ನಮ್ಮವರು ಎರಡು ಗೋಲಿನಿಂದ ಗೆದ್ದರು ಎಂದು. ಶಾಲೆಯಲ್ಲಿ ಬಹುಮಾನ ತಂದುಕೊಟ್ಟ ಇಂಗ್ಲಿಷು, ಆ ದಿನ ಒಂದು ತಪ್ಪೂ ಇಲ್ಲದೆ ಬಂತು. ಅವರು ಟೈಪು ಮಾಡಿಸಿದರು. ಕೆಳಗೆ ಭಾಷಾಂತರ ಮಾಡಿದವರ ಹೆಸರು ಹಾಕಲಿಲ್ಲ. ನಿನ್ನ ಅಜ್ಜನಿಗೆ ಹೇಳಲಿಲ್ಲ, ರಾಮಕೃಷ್ಣನಿಗೆ ಹೇಳಲಿಲ್ಲ, ಶೀನನಿಗೂ ಹೇಳಲಿಲ್ಲ.

ಬಿಬಿಡಿ ಬಾಗ್ ಕಡೆಯ ಆ ಕೋರ್ಟಿಗೆ ನಾನೂ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಕೂತೆ. ಶೀನ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಅದು ನಿನ್ನ ಅಜ್ಜನದು, ತೋಳು ಉದ್ದ. ಬಲಗೈ ಎತ್ತಿ ಆಣೆ ಮಾಡಿದ. ಎದುರು ವಕೀಲರು ಇಂಗ್ಲಿಷು ಕಾಗದ ಹಿಡಿದು ಹಿಂದಿಯಲ್ಲಿ ಕೇಳಿದರು. "ಆ ದಿನ ಆಟ ಆಯಿತೆಂದು ನಿನ್ನ ಪುಸ್ತಕ ಹೇಳುತ್ತದೆ. ಹೌದೋ?"

"ಇಲ್ಲ ಸಾಹೇಬ್. ನನ್ನ ಪುಸ್ತಕದಲ್ಲಿ ಹಾಗಿಲ್ಲ."

ಕೋರ್ಟಿನಲ್ಲಿ ಗುಜುಗುಜು. ಘೋಷಾಲ್‌ಬಾಬು ನೆಲ ನೋಡಿದರು. ಜಡ್ಜರು ಕಾಗದ ಎತ್ತಿ, "ಹಾಗಾದರೆ ಇದನ್ನು ಬರೆದವರು ಯಾರು?" ಎಂದರು.

ಶೀನ ತಲೆ ಎತ್ತಿದ. ಕನ್ನಡ ಓದಿ ಇಂಗ್ಲಿಷು ಬರೆಯುವವರು ಎಷ್ಟು ಮಂದಿ ಇದ್ದಾರೆ? ಅವನ ಕಣ್ಣು ಸಾಲು ಸಾಲು ದಾಟಿ ನನ್ನ ಮೇಲೆ ನಿಂತಿತು. ನಾನು ಎದ್ದು ನಿಲ್ಲಬೇಕಿತ್ತು. ಸೆರಗು ಸರಿಮಾಡಿಕೊಂಡೆ ಅಷ್ಟೆ.

"ನಾನೇ ಸಾಹೇಬ್" ಎಂದ ಶೀನ. "ಬೀದಿಯಲ್ಲಿ ಕೂತ ಟೈಪಿನವನಿಗೆ ನಾನೇ ಸುಳ್ಳು ಹೇಳಿ ಬರೆಸಿದೆ. ಈಗ ಹೆದರಿಕೆಯಾಯಿತು."

ಆಣೆ ಹಾಕಿ ಅವನು ಹೇಳಿದ ಸುಳ್ಳು ಅದೊಂದೇ.

ಕೇಸು ಬಿತ್ತು. ಹಳೇ ಲೀಗಿನ ಮಾನ್ಯತೆ ಹೋಯಿತು, ಸರ್ಟಿಫಿಕೇಟ್ ಬರಲಿಲ್ಲ, ಬಂದರಿನ ಕೆಲಸ ಬೇರೆಯವರಿಗೆ ಸಿಕ್ಕಿತು. ಸುಳ್ಳು ಕಾಗದ ಕೊಟ್ಟದ್ದಕ್ಕೆ ಶೀನ ಮೂರು ತಿಂಗಳು ಜೈಲಿನಲ್ಲಿದ್ದ. ಬಂದಾಗ ಮೈದಾನದಲ್ಲಿ ಬೇರೆ ಮಾಲಿ. ನಿನ್ನ ಅಜ್ಜ ಮತ್ತೆ ಹಿಟ್ಟಿನ ಮುಂದೆ ಕೂರಿಸಿದರು. ಅವತ್ತು ಹಿತ್ತಿಲಲ್ಲಿ ನಾನು, "ಯಾಕೆ ಹಾಗೆ ಮಾಡಿದೆ ಶೀನ?" ಅಂದೆ.

"ನೀವು ಜೈಲಿಗೆ ಹೋದರೆ ಸಾಂಬಾರು ಯಾರು ಮಾಡುವುದು ಅಮ್ಮ?" ಎಂದು ನಕ್ಕ. ಆಮೇಲೆ ನಗಲಿಲ್ಲ. "ರಾಮಕೃಷ್ಣನಿಗೆ ಮಾತ್ರ ಹೇಳಬೇಡಿ. ಅವನಿಗೆ ತಾಯಿ ಒಬ್ಬರೇ. ಮಾಲಿ ಬೇಕಾದಷ್ಟು ಜನ ಸಿಗ್ತಾರೆ."

ನಾನು ಹೇಳಲಿಲ್ಲ. ಸುಲಭವಾಗಿತ್ತು.

ನಿನ್ನ ಮಾವ ಹನ್ನೊಂದು ವರ್ಷ ಶೀನನ ಜೊತೆ ಒಂದು ಮಾತೂ ಆಡಲಿಲ್ಲ. ಅವನು ರುಬ್ಬಿದ ಹಿಟ್ಟಿನ ದೋಸೆಯನ್ನೇ ತಿಂದ. ಸುಳ್ಳು ಬರೆಸಿದವನೂ ಅವನೇ, ಸಮಯಕ್ಕೆ ಕೈಕೊಟ್ಟವನೂ ಅವನೇ, ನನ್ನ ಬದುಕು ತಿಂದವನು ಎನ್ನುತ್ತಿದ್ದ, ಶೀನನಿಗೆ ಕೇಳುವ ಹಾಗೆ. ಶೀನ ರುಬ್ಬುತ್ತಿದ್ದ. ಹೊಸವರ್ಷದ ಬಾರ್ ಪೂಜೆಗೆ ಹಳೇ ಹುಡುಗರು ಕರೆಯಲು ಬಂದರೆ, "ಈ ಕೈ ಆಗುವುದಿಲ್ಲ" ಎಂದು ಒಳಗೆ ಹೋಗುತ್ತಿದ್ದ.

ಹೋದ ಚಳಿಗಾಲದಲ್ಲಿ ಅವನ ಬಲಗೈ ಬಿದ್ದುಹೋಯಿತಲ್ಲ, ಪಾರ್ಶ್ವವಾಯು. ಡಾಕ್ಟರು ರಕ್ತದೊತ್ತಡ ಅಂದರು. ಶೀನ ನನ್ನನ್ನು ಹತ್ತಿರ ಕರೆದು, "ಬಂತು ಅಮ್ಮ. ತಡ ಆಯ್ತು ಅಷ್ಟೆ" ಎಂದ, ಬಸ್ಸಿಗೆ ಕಾದವನ ಹಾಗೆ. ಹನ್ನೆರಡನೇ ದಿನ ಹೋದ. ಕೇವಡಾತಲಾದ ಸ್ಮಶಾನಕ್ಕೆ ನಾಲ್ಕು ಜನ ಹೋದರು. ನಿನ್ನ ಮಾವ ಗಲ್ಲಾ ಬಿಟ್ಟು ಏಳಲಿಲ್ಲ.

ಅವನ ಪೆಟ್ಟಿಗೆಯಲ್ಲಿ ಈ ಪುಸ್ತಕ ಇತ್ತು, ಕೋರ್ಟಿನ ಮೊಹರು ಬಿದ್ದದ್ದು. ಆ ಪುಟ ತೆಗೆ. ನಾನು ಅವತ್ತು ಇಂಗ್ಲಿಷಿಗೆ ತರದೆ ಬಿಟ್ಟದ್ದನ್ನು ಈಗ ಅವನು ಬರೆದ ಹಾಗೇ ಇಳಿಸಿಕೋ. ಆಮೇಲೆ ಕೆಳಗೆ ಹೋಗಿ ಮಾವನಿಗೆ ಇದನ್ನೆಲ್ಲ ಮೊದಲಿಂದ ಓದಿ ಹೇಳು. ಅವನು ಮೇಲೆ ಬಂದರೆ ಬರಲಿ. ಬಾರದಿದ್ದರೆ ಕರೆಯಬೇಡ. ಬರೆ:

"ಗೆರೆ ಹಾಕಿದೆ. ಎರಡೂ ಕಡೆ ಬಲೆ ಕಟ್ಟಿದೆ. ದೊಡ್ಡ ಕಾಲೇಜಿನವರು ಬರಲಿಲ್ಲ. ರೆಫ್ರಿ ಕೂಡ ಬರಲಿಲ್ಲ. ಆಟ ಆಗಲಿಲ್ಲ. ಉಳಿದವರೆಲ್ಲ ಮನೆಗೆ ಹೋದರು. ರಾಮಕೃಷ್ಣ ಕತ್ತಲಾಗುವವರೆಗೆ ಗೋಲಿನಲ್ಲೇ ನಿಂತಿದ್ದ. ನಾನೂ ಬಲೆ ಬಿಚ್ಚಲಿಲ್ಲ."