ವಿಡಿಯೊದ ಕೆಳಗಿನ ಮೂಲೆ

ಆದವಾನಿಯಲ್ಲಿ ಯಾರನ್ನು ಕೇಳಿದರೂ ಇದೇ ಕಥೆ. ಒಂದು ಸಂಜೆ ಹಾರುವ ತಟ್ಟೆಗಳು ಸಾಲಾಗಿ ಬಂದವು. ಅವುಗಳಲ್ಲೊಂದು ಜಿನ್ನಿಂಗ್ ಮಿಲ್ಲಿನ ಹತ್ತಿ ರಾಶಿಗೆ ಬೆಂಕಿ ಉಗುಳಿ ಹೋಯಿತು. ಕಾವಲುಗಾರ ಎಲ್ಲವನ್ನೂ ವಿಡಿಯೊ ಮಾಡಿದ. ಇದರಲ್ಲಿ ನಾನು ಒಪ್ಪುವುದು ಎರಡನ್ನೇ: ಹತ್ತಿ ಸುಟ್ಟಿತು, ಕಾವಲುಗಾರ ವಿಡಿಯೊ ಮಾಡಿದ. ಆ ಕಾವಲುಗಾರ ನನ್ನ ಸೋದರಮಾವ.

ಮಾವನ ಫೋನಿನ ತುಂಬ ಅನ್ಯಗ್ರಹದವರದೇ ವಿಡಿಯೊ. ಮನೆಗೆ ಹೋದಾಗಲೆಲ್ಲ ವಾದ.

"ಉರುಕುಂದ ಜಾತ್ರಿಗಿ ಎರಡು ರಾಜ್ಯದಿಂದ ಮಂದಿ ಬರ್ತಾರ. ಇನ್ನೊಂದು ಲೋಕದಿಂದ ಯಾಕ ಬರಬಾರದು ಸೊಸಿ?"

"ಬರಲಿ ಮಾವ. ಬಂದೋರು ಬರೇ ಮಸುಕು ವಿಡಿಯೊದಾಗ ಯಾಕ ಬರ್ತಾರ?"

ಸೋತರೂ ನಗುತ್ತಿದ್ದ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ನಮ್ಮ ಮನೆಯಲ್ಲಿಲ್ಲ, ಅವನ ಮನೆಯ ಟಿವಿ ಪಕ್ಕದಲ್ಲಿವೆ.

ಉಪಗ್ರಹಗಳ ಸಾಲೊಂದು ನಮ್ಮೂರ ಮೇಲೆ ಹಾಯುತ್ತದೆಂದು ಇಂಟರ್ನೆಟ್ಟಿನಲ್ಲಿ ಓದಿದ ದಿನ ನಾನೇ ಅವನಿಗೆ ಫೋನ್ ಮಾಡಿದೆ. "ಏಳಕ್ಕ ಹತ್ತು ನಿಮಿಷ ಇದ್ದಾಗ ಪಡುವಣ ಕಡಿ ನೋಡು. ಮಣಿ ಪೋಣಿಸಿದಂಗ ದೀಪ ಬರ್ತಾವ. ನಿನ್ನ ಫೋನಿನಾಗೇ ತೆಗಿ, ಆಮ್ಯಾಲ ಮಾತಾಡೋಣು."

"ಆ ಹೊತ್ತಿಗಿ ನಂಗ ಕೆಲಸ ಐತಲ್ಲ."

"ಹತ್ತು ನಿಮಿಷದ ಮಾತು. ಸೋಲಾಕ ಅಂಜ್ತಿ ಏನು?"

ಆ ಹೊತ್ತಿನ ಕೆಲಸ ಏನೆಂದು ನನಗೆ ಗೊತ್ತಿತ್ತು. ಯಂತ್ರ ನಿಂತ ಮೇಲೆ ಕಬ್ಬಿಣದ ಸಲಾಕೆಯನ್ನು ಹತ್ತಿ ರಾಶಿಯ ಆಳಕ್ಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ತೆಗೆದು ಅಂಗೈಯಲ್ಲಿ ಹಿಡಿದು ನೋಡಬೇಕು. ಹತ್ತಿಗೆ ಬಿದ್ದ ಕಿಡಿ ತಾಸುಗಟ್ಟಲೆ ಒಳಗೊಳಗೇ ಉರಿಯುತ್ತದೆ, ಹೊರಗೆ ಸುಳಿವು ಕೊಡುವುದಿಲ್ಲ. ಸಲಾಕೆ ಬಿಸಿ ತಾಕಿದರೆ ರಾಶಿಯನ್ನು ಕೂಡಲೇ ಒಡೆಯಬೇಕು. ಅವತ್ತು ಮಾವ ಸಲಾಕೆ ಗೋಡೆಗೆ ಒರಗಿಸಿಟ್ಟು ಮಾಳಿಗೆ ಹತ್ತಿದ. ತೆಗೆದ ವಿಡಿಯೊವನ್ನು ನನಗೂ ಓಣಿಯ ವಾಟ್ಸಾಪ್ ಗುಂಪಿಗೂ ಕಳಿಸಿದ. ಅರ್ಧ ತಾಸಿನಲ್ಲಿ ರಾಶಿ ಭಗ್ಗೆಂದಿತು.

ಮರುದಿನ ಬೆಳಿಗ್ಗೆ ನಾನು ಮಿಲ್ಲಿಗೆ ಹೋದಾಗ ಅದರ ಮಾಲೀಕರಾದ ಸಾಹುಕಾರರು ತೊಯ್ದ ಕರಿ ಹತ್ತಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ಹಮಾಲರು, ಪಕ್ಕದಲ್ಲಿ ಮಾವ.

"ಕೊಡದಷ್ಟು ದಪ್ಪ ಬೆಂಕಿರೀ, ಮ್ಯಾಲಿಂದ ಬಿತ್ತು. ನಾ ನೋಡೀನಿ," ಎಂದ ಒಬ್ಬ.

"ನೀ ಅರ್ಧ ಕೊಡ ಕುಡದಿದ್ದಿ, ಇನ್ನರ್ಧ ಕಂಡಿರಬೇಕು," ಎಂದ ಪಕ್ಕದವ.

ಸಾಹುಕಾರರು ನಗಲಿಲ್ಲ. "ಪೋನೀಲೇ, ಹೋಗ್ಲಿ ಬಿಡು. ಆಕಾಶದಿಂದ ಬಿದ್ದದ್ದಕ್ಕ ಯಾರೇನ್ ಮಾಡ್ತಾರ. ಮನಿಷಿ ಉಳದಾನಲ್ಲ, ಸಾಕು."

ಮಾವ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅವನೂ ಇದನ್ನು ನಂಬಿದ್ದಾನೆಂದು ನನಗೆ ಸಿಟ್ಟು ಬಂತು.

"ನೀ ಓದಿದಾಕಿ. ನೀ ಏನಂತಿ ತಂಗಿ?" ಸಾಹುಕಾರರು ನನ್ನತ್ತ ತಿರುಗಿದರು.

ಮಾವ ಕಣ್ಣಲ್ಲೇ ಬೇಡ ಎಂದ. ಸೋಲುವ ಅಳುಕು ಅಂದುಕೊಂಡೆ. ಎದುರಾಳಿಯನ್ನು ಅವನ ಸಾಕ್ಷಿಯಿಂದಲೇ ಕೆಡವು ಎಂದು ಚರ್ಚೆಯಲ್ಲಿ ನಮಗೆ ಕಲಿಸಿದ್ದಾರೆ. ಫೋನ್ ತೆಗೆದು ವಿಡಿಯೊದ ಕೆಳಗಿನ ಮೂಲೆಗೆ ಬೆರಳಿಟ್ಟೆ. ಅಂಗಳದ ದೀಪದ ಬೆಳಕಿನಲ್ಲಿ, ರಾಶಿಯ ನೆತ್ತಿಯಿಂದ, ನೂಲಿನಷ್ಟು ತೆಳ್ಳಗೆ ಹೊಗೆ.

"ಆಕಾಶದಾಗ ದೀಪ ಇನ್ನೂ ಬಂದೇ ಇಲ್ರಿ. ಹೊಗಿ ಆಗಲೇ ಐತಿ. ಆಕಾಶದ್ದೇನೂ ತಪ್ಪಿಲ್ಲ."

ಅವರು ಮೂರು ಸಲ ನೋಡಿದರು. "ಖರೇ ಐತಿ ನಿನ್ನ ಮಾತು," ಎಂದರು. ಎದೆ ಉಬ್ಬಿತು, ಸುಳ್ಳು ಹೇಳಲಾರೆ. ಆಮೇಲೆ ಅವರು ಫೋನನ್ನು ಮಾವನ ಮುಖಕ್ಕೆ ಹಿಡಿದರು.

"ಹೊಗಿ ಏಳಾಕತ್ತಿದಾಗ ನೀ ಚುಕ್ಕಿ ನೋಡ್ಕೋತ ನಿಂತಿದ್ದಿ. ಸಲಾಕಿ ಎಲ್ಲಿತ್ತು?"

"ಗ್ವಾಡಿಗಿ ಇತ್ರಿ."

"ಇಷ್ಟು ವರ್ಷದಾಗ ಒಂದಿನ ತಪ್ಪಿಸಿಲ್ಲ ನೀ. ಯಾರ್ ಹೇಳಿದ್ರು ಮ್ಯಾಲೆ ನೋಡು ಅಂತ?"

ಮಾವ ನನ್ನ ಕಡೆ ನೋಡಲಿಲ್ಲ. "ಯಾರೂ ಇಲ್ರಿ. ನಂದೇ ಹುಚ್ಚು."

ಎಂಥ ಮಾತಿಗೂ ಹತ್ತು ಸೆಕೆಂಡಿನಲ್ಲಿ ಉತ್ತರ ಕಟ್ಟುವವಳು ನಾನು. ಸಾಹುಕಾರರು ಕೈ ಚಾಚಿದರು. ಮಾವ ಉಡಿದಾರದಿಂದ ಗೇಟಿನ ಕೀಲಿ ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ತಡವಾಯಿತು. ಅಷ್ಟು ಹೊತ್ತೂ ನಾನು ಆ ಗಂಟನ್ನೇ ನೋಡುತ್ತ ನಿಂತೆ.

ಆಟೊ ನಿಲ್ಲುವ ಕಡೆಗೆ ಇಬ್ಬರೂ ನಡೆದೆವು. ಸ್ಟೇಷನ್ನಿನ ಕಡೆಯಿಂದ ಗಾಡಿಯೊಂದು ಕೂಗಿ ಹೋದ ಮೇಲೆ ಅವನೇ ಅಂದ, "ನಿನ್ನ ಉಪಗ್ರಹ ಛಂದ ಇದ್ವು ಸೊಸಿ. ನೀ ಹೇಳಿದಂಗೇ, ಮಣಿ ಪೋಣಿಸಿದಂಗ."

ನಾನು ನಿಂತೆ. ಅವನು ನಿಲ್ಲಲಿಲ್ಲ. ಬೆನ್ನಿಗೇ ಕೇಳಿದೆ:

"ಸೊಸಿ ಹೇಳಿದ್ದಕ್ಕ ನೋಡಿದೆ ಅಂತ ಯಾಕ ಅನ್ನಲಿಲ್ಲ ಮಾವ?"