ರೊಟ್ಟಿ ತಿನ್ನಬಹುದಂತೆ

ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಸನತ್‌ನಗರದಲ್ಲಿ ನಮ್ಮ ಮನೆ ಎಂದರೆ ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ. ನನ್ನ ಗಂಡ ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮೇಲೆ ನಾನು ಅದೇ ಮನೆಯಲ್ಲಿ ಉಳಿದು ಜೋಳದ ರೊಟ್ಟಿ ಮಾಡಿ ಮಾರಲು ಶುರುಮಾಡಿದೆ. ಅಕ್ಕನೂ ಅಷ್ಟರಲ್ಲಿ ಗಂಡನನ್ನು ಕಳೆದುಕೊಂಡಿದ್ದಳು. ಒಬ್ಬಳೇ ಮಗಳಿಗೆ ಅಮೀರ್‌ಪೇಟ್‌ನಲ್ಲಿ ಸಾಫ್ಟ್‌ವೇರ್ ಕೋರ್ಸ್ ಮಾಡಿಸಬೇಕೆಂದು ಕಲಬುರ್ಗಿ ಕಡೆಯ ನಮ್ಮ ಊರು ಬಿಟ್ಟು ಈ ತೆಲುಗು ಶಹರಕ್ಕೆ, ನನ್ನ ಹತ್ತಿರ ಬಂದಳು. ಆಗ ಅಮೀರ್‌ಪೇಟ್‌ನಲ್ಲಿ ಪ್ರತಿ ಮಹಡಿಗೂ ಒಂದು ಕೋರ್ಸಿನ ಬೋರ್ಡು, ಪ್ರತಿ ಗಲ್ಲಿಗೂ ಹಾಸ್ಟೆಲ್ಲು. ನಮ್ಮ ಕಡೆಯ ಹುಡುಗರು ಹಾಸ್ಟೆಲ್ಲಿನ ಅನ್ನಕ್ಕೆ ಬೇಸತ್ತು ನಮ್ಮ ಖಡಕ್ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಆ ರೊಟ್ಟಿಯನ್ನು ಅಕ್ಕ ತಿನ್ನುತ್ತಿರಲಿಲ್ಲ. ಐವತ್ತು ತುಂಬುವ ಮೊದಲೇ ಅವಳ ಒಸಡು ಬಾತು, ಕೀವಾಗಿ, ಹಲ್ಲು ಅಲುಗಾಡತೊಡಗಿದ್ದವು. ಊರಲ್ಲೇ ಒಬ್ಬ ಡಾಕ್ಟರು ಎಲ್ಲವನ್ನೂ ಕಿತ್ತು, ಹಾಕಿ ತೆಗೆಯುವ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದರು. ಮಾತಾಡುವಾಗ ಅದು ಟಕ್ ಎನ್ನುತ್ತಿತ್ತು. ಜೋಳದ ಒಂದು ನುಚ್ಚು ಅದರ ಕೆಳಗೆ ಸೇರಿದರೂ ಒಸಡು ಕೆತ್ತಿ ಹೋಗುತ್ತಿತ್ತು. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ನುಂಗುತ್ತಿದ್ದಳು, ಮಕ್ಕಳ ಹಾಗೆ.

“ಅವ್ವಾರ, ಇಷ್ಟ್ ಖಡಕ್ ಮಾಡಿದ್ರ ನಮ್ಮ ಹಲ್ಲು ಉಳಿಯೂದಿಲ್ರಿ,” ಎಂದು ಗಿರಾಕಿ ಹುಡುಗನೊಬ್ಬ ಚೇಷ್ಟೆ ಮಾಡಿದರೆ, “ಉದುರಿದ್ರ ಇಲ್ಲೇ ತಂದ್ ಕೊಡಪ್ಪಾ, ನನಗ ಬೇಕಾಗ್ಯಾವು,” ಎನ್ನುತ್ತಿದ್ದಳು. ಹೇಳುವಾಗ ಸೆರಗು ಬಾಯಿಗೆ ಅಡ್ಡ.

ಒಂದು ದಿನ ಸೀನು ಬಂದು ಮೇಲಿನ ಸೆಟ್ಟು ಹಿಟ್ಟಿನ ಪರಾತದಲ್ಲಿ ಬಿತ್ತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮಗಳು ನಗಲಿಲ್ಲ. ಅಷ್ಟರಲ್ಲಿ ಅವಳಿಗೆ ಒಳ್ಳೆಯ ಕೆಲಸ ಸಿಕ್ಕಿತ್ತು, ಕಂಪನಿಯ ಗಾಡಿ ಬೀದಿಯ ತುದಿಗೆ ಬಂದು ಕರೆದೊಯ್ಯುತ್ತಿತ್ತು. ಆಫೀಸಿನಲ್ಲಿ ಯಾರನ್ನೋ ಕೇಳಿಕೊಂಡು ಬಂದು ಅವಳು ಹೇಳಿದಳು, “ಅವ್ವಾ, ಈಗ ತಗಿಯೂದಿಲ್ಲ ಹಾಕೂದಿಲ್ಲ. ಎಲುಬಿನಾಗ ಸ್ಕ್ರೂ ಕೂಡಸ್ತಾರ, ಅದರ ಮ್ಯಾಲ ಇಡೀ ಸಾಲು ಬಿಗದ ಬಿಡ್ತಾರ.”

“ನಾ ಏನ್ ಬಾಗಲಾ ಏನ, ಸ್ಕ್ರೂ ಹೊಡಸ್ಕೊಳ್ಳಾಕ?”

“ನಗಬ್ಯಾಡ. ಖರೇನ ಮಾಡ್ಸಾಕತ್ತೀನಿ.”

ಅಕ್ಕ ಸ್ವಲ್ಪ ಹೊತ್ತು ರೊಟ್ಟಿ ಬಡಿದಳು. ಆಮೇಲೆ ಕೈ ನಿಲ್ಲಿಸಿ ಕೇಳಿದಳು, “ಖಡಕ್ ರೊಟ್ಟಿ ತಿನ್ನಾಕ ಬರ್ತೈತೇನ?”

ಅವಳಿಗೆ ಬೇಕಾಗಿದ್ದುದು ಅದೊಂದೇ. ಮುಖ ಚೆಂದ ಕಾಣಬೇಕು, ನಾಲ್ಕು ಜನರಲ್ಲಿ ನಗಬೇಕು ಎನ್ನುವುದೆಲ್ಲ ಮಗಳ ಆಸೆ.

ಹಲ್ಲಿನ ಆಸ್ಪತ್ರೆ ಕೂಕಟ್‌ಪಲ್ಲಿಯಲ್ಲಿತ್ತು. ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ, ಬಸ್ಸು ತೆವಳುತ್ತಿತ್ತು. ಸ್ಕ್ರೂ ಕೂಡಿಸುವ ದಿನ ಮಗಳು ರಜೆ ಹಾಕಿ ಬಂದಳು. ಮೇಲೂ ಕೆಳಗೂ ಸ್ಕ್ರೂ ಕೂಡಿಸಿ, ಕೆಲವು ದಿನ ಬಿಟ್ಟು ಅವುಗಳ ಮೇಲೆ ತಾತ್ಕಾಲಿಕ ಹಲ್ಲಿನ ಸಾಲು ಬಿಗಿದರು. ಸ್ಕ್ರೂ ಎಲುಬಿನಲ್ಲಿ ಕಚ್ಚಿಕೊಳ್ಳಲು ನಾಲ್ಕು ತಿಂಗಳು ಬೇಕು, ಅಲ್ಲಿಯವರೆಗೆ ಗಟ್ಟಿ ಪದಾರ್ಥ ಕಡಿಯಬಾರದು, ಅದಾದ ಮೇಲೆ ಪಕ್ಕಾ ಹಲ್ಲು ಎಂದು ಡಾಕ್ಟರು ಹೇಳಿದ್ದನ್ನು ಮಗಳೇ ತಿಳಿಸಿ ಹೇಳಿದಳು. ಅಕ್ಕ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಮರವಟ್ಟ ತುಟಿಯಿಂದ ಜೊಲ್ಲು ಇಳಿಯುತ್ತಿತ್ತು, ನಾನು ಒರೆಸಿದೆ.

ಮಗಳಿಗೆ ಪ್ರತಿ ಸಲ ರಜೆ ಸಿಗುತ್ತಿರಲಿಲ್ಲ. ಮುಂದಿನ ತಪಾಸಣೆಗಳಿಗೆ ಅಕ್ಕನನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸವಾಯಿತು. ಅಕ್ಕನಿಗೆ ತೆಲುಗು ಬರುತ್ತಿರಲಿಲ್ಲ. ಅವಳು ಮನೆಯಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ಮನೆಗೆ. ನಾನು ನಾಲ್ಕನೆಯ ಇಯತ್ತೆ ಓದಿದವಳು, ಆದರೆ ನಳದ ಮುಂದೆ ಜಗಳಾಡಿ ತೆಲುಗು ಕಲಿತಿದ್ದೆ. ಮನೆಯಲ್ಲಿ ಯಾರಿಗಾದರೂ ಹೊರಗಿನವರ ಜೊತೆ ಮಾತಾಡುವುದಿದ್ದರೆ ನನ್ನನ್ನೇ ಕರೆಯುತ್ತಿದ್ದರು. ಅದರ ಜಂಭ ನನಗಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಬೇಗ ಬೇಗ ಮಾತಾಡುತ್ತಿದ್ದರು. ಆರೇಳು ವಾರ ಕಳೆದಿರಬೇಕು, ಒಂದು ತಪಾಸಣೆಯಲ್ಲಿ ಅಕ್ಕನ ಬಾಯಿ ನೋಡಿ ಖುಷಿಪಟ್ಟು ನನಗೆ ಹೇಳಿದರು, “ಇಗ ರೋಟಿ ತಿನೊಚ್ಚಮ್ಮಾ. ಮೆತ್ತಗ ಚೇಸಿ, ಪಪ್ಪುಲ ನಾನಬೆಟ್ಟಿ ತಿನಮನಂಡಿ.” ಇನ್ನು ರೋಟಿ ತಿನ್ನಬಹುದು, ಮೆತ್ತಗೆ ಮಾಡಿ, ಬೇಳೆಯಲ್ಲಿ ನೆನೆಸಿ ತಿನ್ನಲು ಹೇಳಿ ಎಂದು.

ಅವರು ಹೇಳಿದ್ದು ಗೋಧಿಯದು. ಜೋಳದ್ದಾಗಿದ್ದರೆ ಜೊನ್ನ ರೊಟ್ಟೆ ಎನ್ನುತ್ತಿದ್ದರು. ನಮ್ಮಲ್ಲಿ ಗೋಧಿಯದಕ್ಕೆ ಚಪಾತಿ ಎನ್ನುತ್ತೇವೆ, ರೊಟ್ಟಿ ಎಂದರೆ ಜೋಳದ್ದೇ. ಇದು ನನಗೆ ಆಗಲೇ ಹೊಳೆಯಿತು. ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೂ ಒಂದು ಸಣ್ಣ ಅನುಮಾನವಿತ್ತು: ಜೋಳದ ಬಿಸಿ ರೊಟ್ಟಿಯೂ ಮೆತ್ತಗೇ ಅಲ್ಲವೆ, ಅದು ಆದೀತೆ, ಖಡಕ್ ಯಾವಾಗ ಎಂದು ಕೇಳಬೇಕಿತ್ತು. ಡಾಕ್ಟರು ಕೈಗವಸು ಬಿಚ್ಚುತ್ತ, “ಅರ್ಥಮೈಂದಾ?” ಎಂದರು. ನಾನು “ಅಯಿಂದಿ ಸಾರ್” ಎಂದುಬಿಟ್ಟೆ. ಓದು ಕಡಿಮೆ ಇದ್ದ ನಮ್ಮಂಥವರಿಗೆ ಅದೊಂದು ಚಟ. ತಿಳಿಯಿತೇ ಎಂದು ಕೇಳಿದವರಿಗೆ ಬಾಯಿ ತಾನೇ ತಿಳಿಯಿತು ಎನ್ನುತ್ತದೆ.

ಕುರ್ಚಿಯಿಂದ ಇಳಿಯುವ ಮೊದಲೇ ಅಕ್ಕ ನನ್ನ ತೋಳು ಹಿಡಿದು ಕೇಳಿದಳು, “ರೊಟ್ಟಿ ಅಂದ್ರಲಾ? ಏನಂತ?”

“ರೊಟ್ಟಿ ತಿನ್ಬೌದಂತ,” ಎಂದೆ.

ಮೆತ್ತಗೆ ಎಂಬುದನ್ನು ಹೇಳಲಿಲ್ಲ. ಬೇಳೆಯಲ್ಲಿ ನೆನೆಸಿ ಎಂಬುದನ್ನೂ ಹೇಳಲಿಲ್ಲ. ಆ ಮುಖದ ಮುಂದೆ ಹೇಳಲು ಮನಸ್ಸಾಗಲಿಲ್ಲವೋ, ಬಸ್ಸಿಗೆ ಹೊತ್ತಾಯಿತು ಎಂದುಕೊಂಡೆನೋ, ನೆನಪಿಗೆ ಬರುವುದಿಲ್ಲ. ಬಸ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡಿದ್ದೆ. ಬಸ್ಸಿನಲ್ಲಿ ಸೀಟು ಬೇರೆ ಬೇರೆ ಸಿಕ್ಕವು.

ಮರುದಿನ ಕೆಲಸ ಮುಗಿದ ಮೇಲೆ ಅಕ್ಕ ಕೈ ತೊಳೆದು, ಬುಟ್ಟಿಯ ಮೇಲಿನ ಖಡಕ್ ರೊಟ್ಟಿ ಒಂದನ್ನು ತೆಗೆದುಕೊಂಡಳು. ತಟ್ಟೆಯಲ್ಲಿ ಶೇಂಗಾ ಹಿಂಡಿ, ಮೊಸರು.

“ಬಿಸೀದು ತಿನ್ನಬಾರದೇನ ಅಕ್ಕಾ, ಮೆತ್ತಗ ಐತಿ,” ಎಂದೆ. ನಾನು ಹೇಳಿದ್ದು ಅಷ್ಟೇ.

“ಬಿಸಿ ರೊಟ್ಟಿ ಹಲ್ಲಿಲ್ದಾಗೂ ತಿಂದೀನಿ, ಹುಚ್ಚಿ. ಡಾಕ್ಟರ್ ತಿನ್ನಂದಾರಲ್ಲ.”

ಮುರಿದು ಬಾಯಿಗಿಟ್ಟು ಕಡಿದಳು. ಆ ಸದ್ದು ನನಗೆ ಒಲೆಯ ಹತ್ತಿರ ಕೇಳಿಸಿತು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಆಮೇಲೆ ಇನ್ನೊಂದು ಅರ್ಧ ತೆಗೆದುಕೊಂಡಳು. ನಾನು ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದೆ. ಅಕ್ಕ ಅಂದಿನಿಂದ ದಿನಾ ತಿಂದಳು. ದಿನ ಹೋದಂತೆ ಹೇಳುವುದು ಕಷ್ಟವಾಯಿತು, ಮೊದಲ ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ. ಏನೂ ಆಗಿಲ್ಲವಲ್ಲ, ಆಗುವುದಿಲ್ಲ ಬಿಡು ಎಂದುಕೊಂಡೆ. ಮಗಳು ಮನೆಗೆ ಬರುವಷ್ಟರಲ್ಲಿ ನಮ್ಮ ಊಟ ಮುಗಿದಿರುತ್ತಿತ್ತು.

ಮೊದಲು ಎಡಗಡೆ ಮೇಲೆ ಸಣ್ಣ ನೋವು ಎಂದಳು. ಲವಂಗ ಇಟ್ಟುಕೊಂಡಳು. ಆಮೇಲೆ ಕೆನ್ನೆ ಬಾತಿತು, ಬಾಯಿಯಿಂದ ಮೊದಲಿನ ಆ ಕೀವಿನ ವಾಸನೆ ಬಂತು. ನಾವಿಬ್ಬರೇ ಕೂಕಟ್‌ಪಲ್ಲಿಗೆ ಹೋದೆವು. ಡಾಕ್ಟರು ಮೇಲಿನ ಸಾಲನ್ನು ಬಿಚ್ಚಿದರು. ಒಂದೊಂದೇ ಸ್ಕ್ರೂ ಮುಟ್ಟಿ ನೋಡಿದರು. ಎರಡು ಸಡಿಲವಾಗಿದ್ದವು, ಎಲುಬಿನಲ್ಲಿ ಕಚ್ಚಿಕೊಂಡೇ ಇರಲಿಲ್ಲ. ಕೆಳಗಿನವು ಗಟ್ಟಿಯಾಗಿದ್ದವು. ಅವರು ಮುಖದ ಮಾಸ್ಕು ಇಳಿಸಿ ನನ್ನನ್ನು ಕೇಳಿದರು, ಏನಾದರೂ ಗಟ್ಟಿ ಪದಾರ್ಥ ಕಡಿದಿದ್ದಾರೆಯೇ?

ನಾನು ಅಕ್ಕನಿಗೆ ಕನ್ನಡದಲ್ಲಿ ಕೇಳಿದೆ.

“ರೊಟ್ಟಿ ತಿಂದೀನಿ ಅನ್ನು,” ಎಂದಳು ಅಕ್ಕ. ಮೇಲೆ ಹಲ್ಲಿಲ್ಲದ್ದಕ್ಕೆ ಮಾತು ಗಾಳಿಯಾಗಿ ಬರುತ್ತಿತ್ತು. “ನೀವ ತಿನ್ನಂದ್ರಿ, ಅದಕ್ಕ ತಿಂದೆ ಅನ್ನು.”

ಡಾಕ್ಟರು ನನ್ನ ಬಾಯಿ ನೋಡುತ್ತಿದ್ದರು. ಅಕ್ಕ ಹೇಳಿದ್ದನ್ನು ಹಾಗೆಯೇ ಹೇಳಿದರೆ ಅವರು, ನಾನು ಮೆತ್ತಗಿನ ರೋಟಿ ಎಂದಿದ್ದೆನಲ್ಲ ಎನ್ನುತ್ತಾರೆ. ಆಗ ನಾನು ಅಲ್ಲಿ ನಿಲ್ಲಬೇಕು, ಅವರಿಬ್ಬರ ನಡುವೆ.

“ಜೊನ್ನ ರೊಟ್ಟೆ ತಿನ್ನದಿ ಸಾರ್,” ಎಂದೆ. “ನೇನು ವದ್ದನ್ನ. ವಿನಲೇದು.”

ಜೋಳದ ರೊಟ್ಟಿ ತಿಂದಳು, ನಾನು ಬೇಡ ಅಂದೆ, ಕೇಳಲಿಲ್ಲ. ಹೇಳುವಾಗ ನನ್ನ ದನಿ ನಡುಗಲಿಲ್ಲ. ಡಾಕ್ಟರು ಅಕ್ಕನ ಕಡೆ ತಿರುಗಿ, ತುಂಟ ಮಗುವಿಗೆ ಬೆರಳು ಆಡಿಸಿದ ಹಾಗೆ ಬೆರಳು ಆಡಿಸಿದರು.

ಅಕ್ಕನಿಗೆ ತೆಲುಗು ಬರುವುದಿಲ್ಲ ಎಂದು ಮೊದಲೇ ಬರೆದೆ. ಆದರೆ ಬೀದಿಗೆ ಬರುವ ತರಕಾರಿಯವಳು ಹಾಗಲಕಾಯಿ ಕೊಡಲೇ ಎಂದರೆ ಅಕ್ಕ ತಾನೇ “ವದ್ದು” ಎನ್ನುತ್ತಿದ್ದಳು. ಬೇಡ ಎನ್ನುವ ಆ ಒಂದು ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ನನ್ನ ಕಡೆ ನೋಡಿದಳು. ಸಿಟ್ಟು ಇರಲಿಲ್ಲ. ಯಾವುದೋ ಬಸ್ಸಿನ ಬೋರ್ಡು ಓದಲು ಬಾರದೆ ನೋಡುವ ಹಾಗೆ ನೋಡಿದಳು, ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದಳು. ಸೂಜಿ ಚುಚ್ಚಿ, ಸಡಿಲಾದ ಎರಡನ್ನೂ ತೆಗೆದರು.

ಮಗಳಿಗೆ ಡಾಕ್ಟರು ಫೋನಿನಲ್ಲಿ ನಾನು ಹೇಳಿದ್ದನ್ನೇ ಹೇಳಿದ್ದರು. ಮನೆಗೆ ಬಂದವಳೇ ಚಪ್ಪಲಿ ಸಹ ಬಿಡದೆ ಬಾಗಿಲಲ್ಲೇ ನಿಂತು ಕೂಗಾಡಿದಳು.

“ಸಣ್ಣ ಹುಡುಗಿ ಏನ್ ಅವ್ವಾ ನೀ? ಚಿಗವ್ವ ಬ್ಯಾಡ ಅಂದ್ರೂ ತಿಂದಿಯಂತ! ನಾಲಿಗಿ ಅಷ್ಟೂ ತಡಿಲಿಲ್ಲೇನ?”

ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಅಕ್ಕನಿಗೆ ಈಗ ಎಲ್ಲವೂ ಕನ್ನಡದಲ್ಲೇ ಗೊತ್ತಾಯಿತು. ಅವಳು ಹೇಳುತ್ತಾಳೆ ಎಂದು ಕಾದೆ. ಹೇಳಲಿ ಎಂದೂ ಅನ್ನಿಸಿತೇನೋ.

“ಹೂಂ, ತಡಿಲಿಲ್ಲ,” ಎಂದಳು ಅಕ್ಕ. “ಚಪ್ಪಲ್ ಬಿಟ್ಟ್ ಒಳಗ ಬಾ.”

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅಳು ಬರಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ರೊಟ್ಟಿ ಬೆಂದಿದ್ದು, ಬೇಯದಿದ್ದು, ಹುಡುಗರು ಬಂದಿದ್ದು, ಹೋದದ್ದು. ಅಕ್ಕ ಮೊದಲಿನ ಹಾಗೆಯೇ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಉಪ್ಪು ಕೊಡು, ನೀರು ಕಾದವೇನ, ಇಷ್ಟೇ ಮಾತು. ಮಗಳು ಮಾತ್ರ ನನಗೆ, “ಚಿಗವ್ವಾ, ಆಕಿ ಮ್ಯಾಲ ಒಂದ್ ಕಣ್ಣ್ ಇಡು. ಆಕಿ ಮಾತ ಕೇಳಾಕಿ ಅಲ್ಲ,” ಎಂದು ಹೇಳಿ ಕೆಲಸಕ್ಕೆ ಹೋಗುತ್ತಿದ್ದಳು.

ಮೇಲೆ ಹಾಕಿಕೊಳ್ಳಲು ಅವಳ ಹಳೆಯ ಸೆಟ್ಟನ್ನೇ ಒಳಗೆ ತಿದ್ದಿ ಕೊಟ್ಟಿದ್ದರು. ಗಾಯ ಮಾಗಿದ ಮೇಲೆ ಹೊಸ ಸ್ಕ್ರೂ ಕೂಡಿಸುವುದು ಎಂದು ಡಾಕ್ಟರು ಹೇಳಿದ್ದರು. ಆ ಸಮಯ ಬಂದಾಗ ಅಕ್ಕ ಒಲ್ಲೆ ಎಂದಳು. ಮಗಳು ಅಕ್ಕನ ಮುಂದೆ ನೆಲದ ಮೇಲೆ ಕೂತು ಬೇಡಿಕೊಂಡಳು.

“ಈ ಸಲ ಅಷ್ಟೂ ದಿನ ನಾನ ಬರ್ತೀನಿ ಅವ್ವಾ. ಡಾಕ್ಟರ್ ಏನೇನ್ ಅಂತಾರ ನಾನ ಕೇಳಿ ಹೇಳ್ತೀನಿ. ಹೋದ ಸಲ ಅವ್ರು ಏನ್ ಅಂದಿದ್ರು ಅಂತ ಅದನ್ನೂ ಕೇಳೂಣು.”

ಒಲ್ಲೆ ಎಂದವಳು ಈಗ ಒಲ್ಲೆ ಎನ್ನಲಿಲ್ಲ. ನನಗೆ ಚೆನ್ನಾಗಿ ನೆನಪಿದೆ, ಅವಳ ನಾಲಿಗೆ ಕೆನ್ನೆಯ ಒಳಗೆ ಖಾಲಿ ಜಾಗವನ್ನು ಮುಟ್ಟಿ ನೋಡುತ್ತಿತ್ತು. ಇನ್ನೊಮ್ಮೆ ಕೇಳಿದ್ದರೆ ಒಪ್ಪುತ್ತಿದ್ದಳು.

ಮಗಳು ನನ್ನ ಕಡೆ ತಿರುಗಿದಳು. “ನೀನರೆ ಹೇಳ ಚಿಗವ್ವಾ. ನಿನ್ನ ಮಾತ ಕೇಳ್ತಾಳ.”

ಮಗಳು ಹೋದರೆ ಕೇಳುತ್ತಾಳೆ. ಕೇಳಿದರೆ ಡಾಕ್ಟರು ಹೇಳುತ್ತಾರೆ.

“ಈ ವಯಸ್ಸಿನಾಗ ಮತ್ತ ಮತ್ತ ಬಾಯಿ ಕೊರಸ್ಕೊಳ್ಳೂದು ಬ್ಯಾಡವಾ,” ಎಂದೆ. “ಆಕಿ ಒಲ್ಲೆ ಅಂದ್ರ ಬಿಟ್ಟ ಬಿಡು.”

ಅಕ್ಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, “ಕೇಳಿದಿಲ್ಲ? ನನ್ನ ಪರವಾಗಿ ಮಾತಾಡಾಕಿ ಆಕೀನ. ಆಕೀನ ಬ್ಯಾಡ ಅಂದ್ಲು, ಮುಗೀತು,” ಎಂದಳು.

ಮೇಲೆ ಉಳಿದಿದ್ದ ಎರಡು ಸ್ಕ್ರೂಗಳನ್ನು ಒಸಡಿನೊಳಗೆ ಹಾಗೆಯೇ ಬಿಟ್ಟರು. ಅವು ಈಗಲೂ ಅಲ್ಲೇ ಇವೆ. ಕೆಳಗೆ ಗಟ್ಟಿ ಹಲ್ಲು, ಮೇಲೆ ಜಾರುವ ಸೆಟ್ಟು. ಅಕ್ಕ ಅನ್ನವನ್ನೇ ಕಿವುಚಿ ತಿನ್ನುತ್ತಾಳೆ. ಖಡಕ್ ರೊಟ್ಟಿಯನ್ನು ನಾನೂ ಬಿಟ್ಟಿದ್ದೇನೆ ಎಂದು ಹೇಳಿದರೆ ಓದುವವರಿಗೆ ಸಮಾಧಾನವಾದೀತು, ಆದರೆ ಬಿಟ್ಟಿಲ್ಲ. ಹಸಿವಾದಾಗ ಅವಳ ಎದುರಿಗೇ ತಿನ್ನುತ್ತೇನೆ.

ಇದನ್ನು ಬರೆಯಲು ನನಗೆ ಬಹಳ ದಿನ ಹಿಡಿಯಿತು, ಅಕ್ಷರ ಕೂಡಿಸುವುದು ನನಗೆ ಸುಲಭವಲ್ಲ. ಅಕ್ಕನಿಗೆ ಓದಲು ಬರುವುದೇ ಇಲ್ಲ, ಯಾರಾದರೂ ಓದಿ ಹೇಳಬೇಕು. ನಾನೇ ಓದಿ ಹೇಳಲು ಕೂತರೆ ಯಾವುದಾದರೂ ಒಂದು ಸಾಲು ಬಿಟ್ಟೇ ಬಿಡುತ್ತೇನೆ. ಅದಕ್ಕೆ ಮಗಳ ಕೈಯಲ್ಲಿ ಕೊಡುತ್ತಿದ್ದೇನೆ.