ಅಂಜಿಕೆ ಕದಿಯುವ ಹುಲಿಗೆವ್ವ

ಧಾರವಾಡದ ಸಪ್ತಾಪುರಕ್ಕೆ ಬಂದು ಹುಲಿಗೆವ್ವನ ಮನೆ ಎಲ್ಲಿ ಎಂದು ಕೇಳಿದರೆ, "ಯಾವ ಹುಲಿಗೆವ್ವ? ಕಿಸೇಕ ಕೈ ಹಾಕೂ ಹುಲಿಗೆವ್ವನರಿ?" ಎಂದು ಕೇಳಿಯೇ ದಾರಿ ತೋರಿಸುತ್ತಿದ್ದರು. ಅದರಿಂದ ಅವಳಿಗೇನೂ ಬೇಸರವಿರಲಿಲ್ಲ. ಎಲೆಗೆ ಸುಣ್ಣ ಸವರುತ್ತ, "ಕಳ್ಳಿ ಅನ್ನಲಿ ಬಿಡು. ನಾ ಕದ್ದದ್ದನ್ನ ಹೊಳ್ಳಿ ಕೊಡು ಅಂತ ಇವತ್ತಿನ ತನಕ ಯಾರೂ ಬಂದಿಲ್ಲ" ಎನ್ನುತ್ತಿದ್ದಳು.

ಅವಳು ಕದಿಯುತ್ತಿದ್ದದ್ದು ಅಂಜಿಕೆಯನ್ನು. ಹುಲಿಗೆವ್ವ ಬಾಳಿದ ಹುಬ್ಬಳ್ಳಿ-ಧಾರವಾಡದ ಈ ಅವಳಿ ಊರುಗಳಲ್ಲಿ ಅಂಜಿಕೆ ಎದೆಯೊಳಗಷ್ಟೇ ಇರುವ ವಸ್ತುವಲ್ಲ. ಹುಣಸೆ ಬೀಜದ ಹಾಗೆ ಕಪ್ಪಗೆ, ನುಣ್ಣಗೆ, ಮೈಮೇಲೆ ಎಲ್ಲಾದರೂ ಬಂದು ಕೂರುತ್ತದೆ. ಗಂಡಸರಿಗೆ ಅಂಗಿಯ ಕಿಸೆಯಲ್ಲಿ, ಸೀರೆಯುಟ್ಟವರಿಗೆ ಸೆರಗಿನ ತುದಿಯಲ್ಲಿ, ಕೂಸುಗಳಿಗೆ ಉಡದಾರದ ಗಂಟಿನಲ್ಲಿ. ಹೊತ್ತವರ ಕಣ್ಣಿಗೆ ಅದು ಕಾಣದು, ಭಾರವಷ್ಟೇ ಗೊತ್ತಾಗುತ್ತದೆ. ತೆಗೆದುಕೊಡು ಎಂದರೆ ಕೊಡಲೂ ಬರುವುದಿಲ್ಲ. ಯಾರೋ ತೆಗೆಯುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ದನದ ಮೈಯ ಉಣ್ಣೆಯ ಹಾಗೆ ಕಚ್ಚಿ ಹಿಡಿಯುತ್ತದೆ. ಆದ್ದರಿಂದ ಕದಿಯಲೇಬೇಕು. ಕದಿಯುವುದನ್ನು ಕಲಿಯಲೇಬೇಕು.

ಹುಲಿಗೆವ್ವ ಕಲಿತದ್ದು ತವರೂರು ಅಮ್ಮಿನಬಾವಿಯಲ್ಲಿ, ಸೋದರತ್ತೆ ಹನುಮವ್ವನ ಕೈಯಲ್ಲಿ. ಉಳಿದ ಹುಡುಗಿಯರು ರೊಟ್ಟಿ ಬಡಿಯಲು ಕಲಿಯುವ ವಯಸ್ಸಿನಲ್ಲಿ ಇವಳು ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿಯಿಂದ ತತ್ತಿ ತೆಗೆಯುತ್ತಿದ್ದಳು. ಕೋಳಿ ಕಣ್ಣು ತೆರೆಯಬಾರದು. ಅದು ಮಾತ್ರ ದಿನವೂ ಕಣ್ಣು ತೆರೆಯುತ್ತಿತ್ತು, ಕುಕ್ಕುತ್ತಲೂ ಇತ್ತು. ರಕ್ತ ಬಂದ ಮುಂಗೈಗೆ ಅರಿಶಿಣ ಒತ್ತುತ್ತ ಹನುಮವ್ವ ಬಯ್ಯುತ್ತಿದ್ದಳು.

"ಕೈ ಒಯ್ಯಾಕತ್ತೀಯಲ್ಲ, ಅದಕ್ಕ ಕುಕ್ಕತೈತಿ. ಕೈ ಒಯ್ಯಬ್ಯಾಡ, ಕೈ ಬಿಡು. ಅದು ಉಸರು ಬಿಡೂ ಹೊತ್ನ್ಯಾಗ ಬೆರಳು ತಾನ ಒಳಗ ಹೋಗಬೇಕು."

"ತಗದದ್ದನ್ನ ಹೊಳ್ಳಿ ಇಡೂದು ಹೆಂಗ, ಅತ್ತೆವ್ವ?"

"ಹುಚ್ಚಿ! ಕಳ್ಳರು ಹೊಳ್ಳಿ ಇಟ್ಟದ್ದು ಎಲ್ಲೆರ ಕಂಡೀಯೇನ?"

ತೆಗೆದ ಅಂಜಿಕೆಯನ್ನು ಅಂದೇ ಉಪ್ಪಿನ ಗಡಿಗೆಗೆ ಹಾಕಬೇಕು, ಅದು ಬೆಲ್ಲದ ಹಾಗೆ ಕರಗಿ ಹೋಗುತ್ತದೆ, ಮತ್ತೆಂದೂ ಸಿಗುವುದಿಲ್ಲ. ಇದನ್ನು ಹೇಳಿಕೊಟ್ಟ ಮೇಲೆ ಹನುಮವ್ವ ಹುಡುಗಿಯ ಗದ್ದ ಹಿಡಿದು ಇನ್ನೊಂದು ಮಾತು ಹೇಳಿದ್ದಳು. ಕೈಗೂಸಿನ ತಾಯಿಯ ಅಂಜಿಕೆಗೆ ಕೈ ಹಾಕಬಾರದು. ಕೂಸು ತಾನಾಗಿ ಮನೆಯ ಹೊಸ್ತಿಲು ದಾಟುವ ತನಕ ಆ ಅಂಜಿಕೆ ತಾಯಿಯದಲ್ಲ, ಕೂಸಿನದು. ತಾಯಿ ಅದನ್ನು ಹೊತ್ತುಕೊಂಡಿರುತ್ತಾಳೆ, ಅಷ್ಟೇ.

ಮದುವೆಯಾಗಿ ಧಾರವಾಡಕ್ಕೆ ಬಂದ ಹುಲಿಗೆವ್ವ, ಮಗ ಕಲ್ಲೇಶ ಇನ್ನೂ ಸಣ್ಣವನಿರುವಾಗಲೇ ಗಂಡನನ್ನು ಕಳೆದುಕೊಂಡಳು. ಮಗನನ್ನು ಬೆಳೆಸಿದ್ದು ಈ ಕೈಗಳಿಂದಲೇ. ದುಡ್ಡು ಮುಟ್ಟುತ್ತಿರಲಿಲ್ಲ, ಅಂಜಿಕೆ ಹೊತ್ತವರ ಮನೆಯವರು ಸೆರಗಿಗೆ ಸುರಿದ ಕಾಳು ಸಾಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ಸಪ್ತಾಪುರದ ಕೋಣೆಗಳಲ್ಲಿ ನಿದ್ದೆಗೆಟ್ಟ ಹುಡುಗರು, ಮದುವೆಯ ಮುನ್ನಾದಿನದ ಹುಡುಗಿಯರು, ಕೋರ್ಟಿಗೆ ಹೊರಟವರು, ಇವರ ಮನೆಯವರೋ ಗೆಳೆಯರೋ ಬಂದು ಗುಟ್ಟಾಗಿ ಹೇಳಿ ಹೋಗುತ್ತಿದ್ದರು. ಹುಲಿಗೆವ್ವ ಅವಳಿ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನ ನೂಕಿನಲ್ಲಿ ಅವರ ಪಕ್ಕ ನಿಲ್ಲುತ್ತಿದ್ದಳು, ಇಳಿಯುವ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಪರೀಕ್ಷೆಯ ಹುಡುಗರದ್ದನ್ನು ಮಾತ್ರ ಪೂರ್ತಿ ತೆಗೆಯುತ್ತಿರಲಿಲ್ಲ. "ಎಲ್ಲಾ ತಗದ್ರ ಭಾಡ್ಯಾಗೋಳು ಪುಸ್ತಕಾನ ತಗಿಯೂದಿಲ್ಲ" ಎನ್ನುತ್ತಿದ್ದಳು.

ಆಪರೇಶನ್ನಿಗೆ ಹೆದರಿ ಅಟ್ಟ ಹತ್ತಿ ಕೂತಿದ್ದ ಆಟೋ ಲಾಲಸಾಬ ಗುಣವಾಗಿ ಬಂದ ಮೇಲೆ ಓಣಿಯ ನಡುವೆ ನಿಂತು ಕೂಗಿದ್ದ: "ಹುಲಿಗೆವ್ವಾ, ಅಂಜಿಕಿ ತಗದಿ, ಛಲೋ ಆತು. ಕಿಸೇದಾಗಿನ ಬೀಡಿ ಯಾಕ ತಗದಿ?"

"ಬೀಡಿ ನಿನ್ನ ಹೇಣ್ತಿ ತಗದಾಳ ನೋಡೋ. ಆಕಿ ನನಗಿಂತ ಚಲಾಕ ಅದಾಳ!"

ಇಷ್ಟೆಲ್ಲ ಮಾಡಿದವಳ ಬಳಿಯೂ ಒಂದು ಅಂಜಿಕೆ ಇತ್ತು. ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆಯ ಚಂಚಿಯ ತಳದಲ್ಲಿ, ಅಡಿಕೆಯ ಹೋಳುಗಳ ಕೆಳಗೆ. ಕಲ್ಲೇಶ ಹುಟ್ಟಿದ ದಿನ ಬಂದು ಕೂತದ್ದು. ಕೂಸಿದ್ದಾಗ ಅವನಿಗೆ ಒಮ್ಮೆ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿದ್ದ, ಆಗ ಅದು ಬೆಳೆಯಿತು. ಅವನು ಬೈಕು ಕೊಂಡಾಗ ಇನ್ನಷ್ಟು ಬೆಳೆಯಿತು. ಕಲ್ಲೇಶ ಈಗ ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸಕ್ಕಿದ್ದ. ದಿನಾ ಬೆಳಿಗ್ಗೆ ಅವನು ಬೈಕಿಗೆ ಕಿಕ್ ಹೊಡೆಯುವಾಗ ಆ ಚಂಚಿ ಸೊಂಟವನ್ನು ಜಗ್ಗುತ್ತಿತ್ತು. ಅವಳು ಬಾಗಿಲಿಗೆ ಬಂದು, "ಸಾವಕಾಶ ಹೋಗಪಾ" ಎನ್ನುತ್ತಿದ್ದಳು. ಹಾಗೆ ಹೇಳಿದರೆ ಚಂಚಿ ಅಷ್ಟು ಹಗುರಾಗುತ್ತಿತ್ತು.

ಸೊಸೆ ಸುಕನ್ಯಾ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬೆಳೆದವಳು, ಎಂ.ಎಸ್ಸಿ ಓದಿದವಳು. ಮಗಳು ಇಂಚರಾ ಹುಟ್ಟಿದ ಮೇಲೆ ಅವಳ ಕುರ್ತಾದ ಕಿಸೆ ಜೋತುಬಿತ್ತು. ಬೀಜದಷ್ಟಿದ್ದದ್ದು ಅಡಿಕೆಯಷ್ಟಾಯಿತು, ಆಮೇಲೆ ನಿಂಬೆಹಣ್ಣಿನಷ್ಟು. ಮಲಗಿದ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ಇದೆಯೋ ಇಲ್ಲವೋ ನೋಡುವಳು. ಇದೆ ಎಂದು ಗೊತ್ತಾದ ಮೇಲೆ, ತನ್ನ ಬೆರಳಿಗೇ ಮೋಸವಾಗಿರಬಹುದೆಂದು ಮತ್ತೆ ಹಿಡಿಯುವಳು. ಫ್ಯಾನು ಕಳಚಿ ಬಿದ್ದರೆ? ದ್ರಾಕ್ಷಿ ಗಂಟಲಿಗೆ ಸಿಕ್ಕರೆ? ಅಳು ಇವತ್ತು ಬೇರೆ ಥರ ಇದೆಯಲ್ಲ? ಬಿಸಿ ಅನ್ನ ತಟ್ಟೆಯಲ್ಲೇ ಆರಿ ಹೋಗುತ್ತಿತ್ತು. ಅತ್ತೆ ಕೂಸಿಗೆ ಕೈ ಚಾಚಿದರೆ ಸಾಕು, "ಅತ್ತಿ, ಕೈ ತೊಳಕೊಂಡೀರೇನ್ರಿ?"

"ಎರಡ ಸಲ ತೊಳದೇನವ್ವಾ."

"ಸಾಬಾಣ ಹಚ್ಚಿ?"

ತೊಳೆದು ಬರುವಷ್ಟರಲ್ಲಿ ಕೂಸು ಮಲಗಿರುತ್ತಿತ್ತು. ಮೊಮ್ಮಗಳನ್ನು ಎದೆಗೊತ್ತಿಕೊಂಡು ಕೂರುವ ಆಸೆ ಹುಲಿಗೆವ್ವನಿಗೆ ಆಸೆಯಾಗಿಯೇ ಉಳಿಯಿತು.

"ಯವ್ವಾ, ಊರ ಮಂದೀದೆಲ್ಲಾ ತಗೀತಿ," ಎಂದ ಕಲ್ಲೇಶ ಒಂದು ದಿನ, ಹೆಂಡತಿಗೆ ಕೇಳದಂತೆ. "ಮನ್ಯಾಗಿನ ಹೆಣ್ಣಮಗಳು ಒಣಗಿ ಕಡ್ಡಿ ಆಗ್ಯಾಳ. ಆಕೀದು ನಿನಗ ಕಾಣೂದಿಲ್ಲೇನು?"

"ಕೂಸು ಹೊಸ್ತಲಾ ದಾಟಲಿ."

"ದಾಟಿದ ಮ್ಯಾಲ ತಗೀತಿ ಹೌದಿಲ್ಲೋ?"

"ತಗೀತೀನಿ."

ಅವರು ಬಾಡಿಗೆಗಿದ್ದದ್ದು ಹೊಸ ಮನೆ. ಒಳಗೂ ಟೈಲ್ಸು, ಹೊರಗೂ ಟೈಲ್ಸು, ನಡುವೆ ಬಾಗಿಲಿದ್ದಲ್ಲಿ ನೆಲದ ಸಮಕ್ಕೇ ಹಾಕಿದ ಒಂದು ಕರಿ ಕಲ್ಲಿನ ಪಟ್ಟಿ. ನೀರು ಚೆಲ್ಲಿದರೆ ತಡೆಯಿಲ್ಲದೆ ಅಂಗಳಕ್ಕೆ ಹರಿಯುತ್ತಿತ್ತು. ಒಂದು ಮುಂಜಾನೆ ಇಂಚರಾ ಅಂಬೆಗಾಲಿಕ್ಕುತ್ತ ಬಂದು ಆ ಪಟ್ಟಿಯ ಮೇಲೆ ಹಾಗೇ ಜಾರಿ ಹೊರಗೆ ಹೋದಳು. "ದಾಟಿತು!" ಎಂದು ಕಲ್ಲೇಶ ಕುಣಿದ. ಓಣಿಗೆಲ್ಲ ಪೇಡೆ ಹಂಚಿದರು.

ಹುಲಿಗೆವ್ವ ಪೇಡೆ ಬಾಯಲ್ಲಿಟ್ಟುಕೊಂಡೇ ಆ ಪಟ್ಟಿಯನ್ನು ನೋಡಿದಳು. ಹೊಸ್ತಿಲೆಂದರೆ ಎತ್ತರ. ಕೂಸು ಅದನ್ನು ಮುಟ್ಟಿ, ತಡವರಿಸಿ, ಒಮ್ಮೆ ಬಿದ್ದು, ಬಿದ್ದರೆ ನೋವಾಗುತ್ತದೆ ಎಂದು ತಿಳಿದು ದಾಟಬೇಕು. ಇಲ್ಲಿ ದಾಟುವುದಕ್ಕೆ ಏನಿತ್ತು? ಇದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದದ್ದನ್ನು ಪೇಡೆಯ ಜೊತೆ ನುಂಗಿದಳು. ಸೊಸೆ ಸೊರಗಿದ್ದು ನಿಜ, ಮಗ ಕೇಳಿಕೊಂಡದ್ದೂ ನಿಜ. ಆದರೆ ಕೈ ತೊಳೆಯದೆ ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆಯೂ ಅಷ್ಟೇ ನಿಜ.

ಮರುದಿನ ಸುಕನ್ಯಾ ಬಗ್ಗಿ ಕೂಸಿನ ಗದ್ದದ ಮೊಸರು ಒರೆಸುತ್ತಿದ್ದಾಗ ಅವಳ ಉಸಿರು ಒಮ್ಮೆ ಹೊರಗೆ ಹೋಯಿತು. ಹುಲಿಗೆವ್ವನ ಬೆರಳು ಕಿಸೆಗೆ ಹೋಗಿ ಬಂತು. ಅಷ್ಟು ದೊಡ್ಡದನ್ನು ಅವಳು ಎಂದೂ ತೆಗೆದಿರಲಿಲ್ಲ, ಮುಷ್ಟಿಯಲ್ಲಿ ಅದು ಬೆಚ್ಚಗಿತ್ತು. ಅಂದೇ ಉಪ್ಪಿನ ಗಡಿಗೆಗೆ ಹಾಕಿದಳು.

ಮನೆ ಹಗುರಾಯಿತು. ಸುಕನ್ಯಾ ಹೊಟ್ಟೆ ತುಂಬ ಉಂಡಳು. ಹಾಡು ಗುನುಗಿದಳು. "ತಗೋರಿ ಅತ್ತಿ, ಹಿಡಕೋರಿ" ಎಂದು ತಾನೇ ಕೂಸನ್ನು ತಂದು ತೊಡೆಯ ಮೇಲೆ ಹಾಕಿದಳು. ಹುಲಿಗೆವ್ವ ಮೊಮ್ಮಗಳ ನೆತ್ತಿಯ ವಾಸನೆ ಹೀರುತ್ತ ಕೂತಳು. ಬಚ್ಚಲಲ್ಲಿ ಬಿಸಿನೀರಿನ ಬಕೆಟ್ಟಿನ ಪಕ್ಕ ಕೂಸೊಂದೇ ಆಡುತ್ತಿದ್ದದ್ದನ್ನು ಕಂಡಾಗ, ಸೊಸೆ ಮರೆತಿರಬೇಕು ಪಾಪ ಅಂದುಕೊಂಡಳು. ಕೂಸಿನ ಬಾಯಿಂದ ಗುಂಡಿ ತೆಗೆದಾಗಲೂ ಹಾಗೇ ಅಂದುಕೊಂಡಳು.

ನಲ್ಲಿಯಲ್ಲಿ ನೀರು ಬರುವ ದಿನ ಬಂತು. ಹುಲಿಗೆವ್ವ ಮೆಂತ್ಯೆ ಸೊಪ್ಪು ತರಲು ಹೋಗಿದ್ದಳು. ಹೊರಳಿ ಬಂದು ಗೇಟು ತೆರೆದರೆ, ಅಂಗಳದ ನೆಲದೊಳಗಿನ ಟಾಕಿಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ನೀರು ಬುಳುಬುಳು ತುಂಬುತ್ತಿತ್ತು. ಅಂಚಿನ ಮೇಲೆ ಇಂಚರಾ ಎರಡೂ ಅಂಗೈ ಊರಿ, ತಲೆಯನ್ನು ಒಳಗೆ ಚಾಚಿ, ನೀರಿನಲ್ಲಿ ಕಂಡ ಮುಖವನ್ನು ಕರೆಯುತ್ತಿದ್ದಳು. ಮೂರು ಮಾರು ದೂರದ ಮೆಟ್ಟಿಲ ಮೇಲೆ ಸುಕನ್ಯಾ ಕೂತಿದ್ದಳು. ಫೋನು ನೋಡುತ್ತಿರಲಿಲ್ಲ. ನಿದ್ದೆ ಬಂದಿರಲಿಲ್ಲ. ಮಗಳನ್ನೇ ನೋಡುತ್ತಿದ್ದಳು, ನಗುಮುಖದಿಂದ.

ಸೊಪ್ಪು ಎಲ್ಲಿ ಬಿತ್ತೋ. ಹುಲಿಗೆವ್ವ ಕೂಸಿನ ಅಂಗಿ ಹಿಡಿದು ಎಳೆದು ಎದೆಗೆ ಅವಚಿಕೊಂಡಳು.

"ಸುಕನ್ಯಾ! ಕಣ್ಣ ಕಾಣಲಿಲ್ಲೇನ ನಿನಗ?"

"ಕಂಡಿತ್ರಿ," ಎಂದಳು ಸುಕನ್ಯಾ ಶಾಂತವಾಗಿ. "ಏನಾಗೂದಿಲ್ಲ ಬಿಡ್ರಿ ಅತ್ತಿ. ನೀವು ಭಾಳ ಅಂಜತೀರಿ."

ಆ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪ್ರೀತಿ ಇತ್ತು, ತುಂಬ ಇತ್ತು. ಪ್ರೀತಿಯ ಜೊತೆ ಇರಬೇಕಾದದ್ದು ಇರಲಿಲ್ಲ.

ಹುಲಿಗೆವ್ವ ಮುಚ್ಚಳ ಎಳೆದು ಮುಚ್ಚಿದಳು. ಒಳಗೆ ಹೋಗಿ ಉಪ್ಪಿನ ಗಡಿಗೆಗೆ ಮೊಣಕೈ ತನಕ ಕೈ ಹಾಕಿ ತಡಕಿದಳು. ಬರೀ ಉಪ್ಪು. ಕೋಳಿ ಕುಕ್ಕಿದ ಹಳೆಯ ಗಾಯಗಳ ಜಾಗ ಉರಿಯಿತು. ನಾ ಕದ್ದದ್ದನ್ನ ಹೊಳ್ಳಿ ಕೇಳಿಕೊಂಡು ಯಾರೂ ಬಂದಿಲ್ಲ ಎನ್ನುತ್ತಿದ್ದವಳು ತಾನೇ ಗಡಿಗೆಯ ಮುಂದೆ ಕೂತು ಬೇಡುತ್ತಿದ್ದಳು.

ಆಗ ಚಂಚಿಯ ಭಾರ ನೆನಪಾಯಿತು. ಈ ಮನೆಯಲ್ಲಿ ಉಳಿದಿರುವ ತಾಯಿಯ ಅಂಜಿಕೆ ಅದೊಂದೇ. ಅಡಿಕೆಯ ಹೋಳುಗಳ ಕೆಳಗೆ ಬೆರಳಿಟ್ಟಳು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಕ್ಕಿತು. ಎಳೆದಳು. ಅದು ಕಚ್ಚಿ ಹಿಡಿಯಿತು. ಜೋರಾಗಿ ಎಳೆದಷ್ಟೂ ಉಗುರಿನ ಬುಡಕ್ಕೇ ಇಳಿಯಿತು. ತನ್ನ ಕಿಸೆಗೆ ತನಗೇ ಗೊತ್ತಾಗದಂತೆ ಕೈ ಹಾಕುವುದು ಹೇಗೆ? ತೆಗೆದರೂ ಇನ್ನೊಬ್ಬರಲ್ಲಿ ಇಡುವುದು ಹೇಗೆ? ಅದನ್ನು ಕೇಳಿದಾಗ ಹನುಮವ್ವ ನಕ್ಕುಬಿಟ್ಟಿದ್ದಳು.

ಎರಡು ದಿನ ಅವಳು ಕೂಸನ್ನು ಸೊಂಟದಿಂದ ಇಳಿಸಲಿಲ್ಲ. ಬಚ್ಚಲಿಗೂ ಒಯ್ದಳು, ಒಲೆಯ ಮುಂದೆಯೂ ಒಂದೇ ಕೈಯಲ್ಲಿ ರೊಟ್ಟಿ ತಿರುವಿದಳು. ಬೇಕೆಂದದ್ದು ಸಿಕ್ಕಿತ್ತು, ಹೀಗೆ. ಮೂರನೆಯ ಬೆಳಿಗ್ಗೆ ಇಂಚರಾ ಅವಳ ಹೆಗಲ ಮೇಲಿಂದಲೇ ತಾಯಿಯ ಕಡೆ ಕೈ ಚಾಚಿ ಅಳತೊಡಗಿದಳು. ಅಜ್ಜಿ ತಟ್ಟಿದಳು, ಕುಣಿಸಿದಳು, ಕೂಸು ಒಪ್ಪಲಿಲ್ಲ. ಎಷ್ಟು ಎತ್ತಿಕೊಂಡರೂ ತಾನು ಇದರ ತಾಯಿಯಲ್ಲ.

"ತಗೋವ್ವಾ, ನಿನ್ನ ಮಗಳನ್ನ ತಗೋ" ಎಂದು ಹುಲಿಗೆವ್ವ ಕೂಸನ್ನು ಮುಂದೆ ಹಿಡಿದಳು. ಕೊಡುವಾಗ ಅವಳ ಎದೆಯ ತಳದಿಂದ ಒಂದು ಉಸಿರು ಹೊರಬಿತ್ತು. ಸುಕನ್ಯಾ ಎರಡೂ ಕೈ ಚಾಚಿ ಕೂಸನ್ನು ತಬ್ಬಿ, ಅದರ ನೆತ್ತಿಗೆ ಮೂಗಿಟ್ಟು ಉಸಿರು ಒಳಗೆಳೆದುಕೊಂಡಳು. ಆ ಎರಡು ಉಸಿರುಗಳ ನಡುವೆ ಹುಲಿಗೆವ್ವನ ಬಲಗೈ ಎಲ್ಲಿ ಹೋಗಿ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಕೈ ಒಯ್ದಿರಲಿಲ್ಲ, ಬಿಟ್ಟಿದ್ದಳು. ಸೊಂಟದಲ್ಲಿ ಚಂಚಿ ಹಗುರಾಗಿ ಅಲ್ಲಾಡಿದಾಗಲೇ ತಿಳಿದದ್ದು.

ಸುಕನ್ಯಾಳ ಕುರ್ತಾದ ಕಿಸೆ ಜೋತುಬಿದ್ದಿತ್ತು.

"ಅತ್ತಿ," ಎಂದಳು ಅವಳು. ದನಿ ಬೇರೆಯಾಗಿತ್ತು. "ಟಾಕೀದು ಮುಚ್ಚಳ ಹಾಕೇದಲ್ರಿ?"

"ಹಾಕೇದ."

ಆದರೂ ಕೂಸನ್ನು ಅವಚಿಕೊಂಡು ಅಂಗಳಕ್ಕೆ ಓಡಿದಳು. ಮುಚ್ಚಳವನ್ನು ಕಾಲಿಂದ ಒತ್ತಿ ಒತ್ತಿ ನೋಡಿದಳು. ಅಲ್ಲೇ ಕುಸಿದು ಕೂತು, ಮಗಳ ಕೈಬೆರಳು, ಕಾಲು, ಕಿವಿಯ ಹಿಂದೆ ಎಲ್ಲ ಮುಟ್ಟಿ ನೋಡುತ್ತ ಬಿಕ್ಕಿ ಬಿಕ್ಕಿ ಅತ್ತಳು. "ನಾ ಅವತ್ತು ನೋಡಕೋತ ಕುಂತಿದ್ನೆಲ್ರಿ ಅತ್ತಿ... ನೋಡಕೋತ ಕುಂತಿದ್ನೆಲ್ರಿ..." ಹುಲಿಗೆವ್ವ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಕೂಸಿನ ಕಣ್ಣೀರು ಒರೆಸಲು ಸೆರಗು ಎತ್ತಿದಳು. ಸುಕನ್ಯಾ ಅಳುತ್ತಲೇ ಕೂಸನ್ನು ಆ ಕಡೆ ತಿರುಗಿಸಿಕೊಂಡಳು.

"ಕೈ ತೊಳಕೊಂಡೀರೇನ್ರಿ?"

"ಇಲ್ಲವ್ವಾ. ತೊಳಕೊಂಡ ಬರತೀನಿ."

ಸುಕನ್ಯಾಳ ಅಂಜಿಕೆ ಈಗ ನಿಂಬೆಹಣ್ಣಿನಷ್ಟಿಲ್ಲ. ಹಳೆಯದು, ಕೈಯಲ್ಲಿ ಆಡಿ ನುಣುಪಾದದ್ದು, ಹೊತ್ತುಕೊಂಡು ಉಣ್ಣಲು ಬರುವಂಥದ್ದು. ಹುಲಿಗೆವ್ವ ಕಸಬು ಬಿಟ್ಟಳು. ಚಂಚಿ ಹಗುರಾದ ಮೇಲೆ ಒಂದು ಸಲ ಬಸ್ಸಿನಲ್ಲಿ ಪರೀಕ್ಷೆಯ ಹುಡುಗನೊಬ್ಬನ ಕಿಸೆಗೆ ಬೆರಳು ಬಿಟ್ಟಾಗ ಅವನು ಗಕ್ಕನೆ ತಿರುಗಿ, "ಏನ್ರಿ ಅಜ್ಜಿ?" ಎಂದಿದ್ದ. ಸಿಕ್ಕಿಬಿದ್ದೇನು ಎಂಬ ಅಳುಕು ಇಲ್ಲದ ಬೆರಳು ಕಟ್ಟಿಗೆಯ ಹಾಗೆ ಭಾರವಾಗಿತ್ತು.

ಬೆಳಿಗ್ಗೆ ಕಲ್ಲೇಶ ಬೈಕು ಹೊರಗೆ ತೆಗೆಯುತ್ತಾನೆ. ರಸ್ತೆ ಮಳೆಗೆ ತೊಯ್ದು ಜಾರುತ್ತಿರುತ್ತದೆ, ಲಾರಿಗಳ ಸದ್ದು ಕೇಳುತ್ತಿರುತ್ತದೆ. ಹುಲಿಗೆವ್ವ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಇಲ್ಲಿ ನಿಂತು ತಾನು ಒಂದು ಮಾತು ಹೇಳುತ್ತಿದ್ದೆ ಎಂದು ಗೊತ್ತು. ಆ ಮಾತು ಯಾವುದೆಂದೂ ಗೊತ್ತು. ಆದರೆ ಅದನ್ನು ಒಳಗಿನಿಂದ ದೂಡುತ್ತಿದ್ದದ್ದು ಇಲ್ಲ. ಮಗ ಮರಳಿ ಬರುತ್ತಾನೆ ಬಿಡು ಎಂದೇ ಅನಿಸುತ್ತದೆ, ಹಾಗೆ ಅನಿಸುವುದು ಸರಿಯಲ್ಲ ಎಂಬುದೂ ತಿಳಿಯುತ್ತದೆ. ಕೈ ತನ್ನಷ್ಟಕ್ಕೆ ಚಂಚಿಯ ತಳವನ್ನು ಒತ್ತಿ ನೋಡುತ್ತದೆ. ಅಡಿಕೆ, ಬರೀ ಅಡಿಕೆ.

ಅಷ್ಟರಲ್ಲಿ ಸುಕನ್ಯಾ ಮಗಳನ್ನು ಬಗಲಲ್ಲಿ ಇರುಕಿಕೊಂಡು, ಹಿಟ್ಟಿನ ಕೈಯಲ್ಲೇ, ಅತ್ತೆಯನ್ನು ದಾಟಿ ಗೇಟಿನ ತನಕ ಓಡುತ್ತಾಳೆ.

"ಸಾವಕಾಶ ಹೋಗ್ರಿ," ಎನ್ನುತ್ತಾಳೆ.